ಗೆಲ್ಲೋರ ಮುಂದೆ ಗಾಳಿಗೆ ಎದೆ ಕೊಡೋ ಕೆಲ್ಸ: ಡೊಮೆಸ್ಟೀಕ್ ಆಗೋದು ಹೇಗೆ, ಆಗಿ ಉಳ್ಕೊಳ್ಳೋದು ಹೇಗೆ

ಪ್ರೊ ರೋಡ್ ಸೈಕ್ಲಿಂಗಲ್ಲಿ ಸಂಬಳ ತಗೊಂಡು ಬದುಕ್ತಿರೋರಲ್ಲಿ ಮುಕ್ಕಾಲುಪಾಲು ಜನ ರೇಸ್ ಗೆಲ್ಲಲ್ಲ, ಗೆಲ್ಲಲಿ ಅಂತ ಅವರನ್ನ ಟೀಮಿಗೆ ತಗೊಂಡೂ ಇರಲ್ಲ. ಟೂರ್ ಡಿ ಫ್ರಾನ್ಸ್‌ಗೆ ಒಂದು ಟೀಮಿಂದ 8 ಜನ ಹೋಗ್ತಾರೆ, 2017ರ ತನಕ 9 ಜನ ಇರ್ತಿದ್ರು, ಅದರಲ್ಲಿ ಒಬ್ರೋ ಇಬ್ರೋ ಲೀಡರು, ಮಿಕ್ಕೋರೆಲ್ಲ ಆ ಒಬ್ಬನಿಗೋಸ್ಕರ ಮೂರು ವಾರ, 21 ಸ್ಟೇಜು (ಒಂದು ಸ್ಟೇಜ್ ಅಂದ್ರೆ ಒಂದು ದಿನದ ರೇಸು), ಹೆಚ್ಚುಕಮ್ಮಿ 3,400 ಕಿಲೋಮೀಟರು ತುಳೀತಾರೆ. ಇವರನ್ನೇ ಡೊಮೆಸ್ಟೀಕ್ ಅನ್ನೋದು. ಈ ಆಟದಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಇವರೇ. ನಮ್ಮ ಕಡೆ ಒಳ್ಳೆ ಕಾಲಿರೋ ಹುಡುಗ ಹುಡುಗೀರು ಎಷ್ಟೋ ಜನ "ಸ್ಪ್ರಿಂಟ್ ಬರಲ್ಲ, ಬೆಟ್ಟದಲ್ಲಿ ಫಸ್ಟ್ ಬರಲ್ಲ, ಇನ್ನೇನು ಮಾಡೋದು" ಅಂತ 22ನೇ ವಯಸ್ಸಿಗೇ ಸೈಕಲ್ ಮಾರಿಬಿಡ್ತಾರೆ ನೋಡಿ, ಅವರಿಗೋಸ್ಕರ ಇದನ್ನ ಬರೀತಿದ್ದೀನಿ.

ಮೊದಲು ಗಾಳಿ ಲೆಕ್ಕ ಅರ್ಥ ಮಾಡ್ಕೊಳ್ಳಿ, ಯಾಕಂದ್ರೆ ಈ ಕೆಲ್ಸ ಹುಟ್ಟಿರೋದೇ ಅದ್ರಿಂದ. ಸಮತಟ್ಟು ರೋಡಲ್ಲಿ ಸವಾರ ಹಾಕೋ ಶಕ್ತಿ ಬಹುಪಾಲು ಗಾಳಿ ತಳ್ಳೋಕೇ ಹೋಗತ್ತೆ. ಒಬ್ಬನ ಚಕ್ರಕ್ಕೆ ಅಂಟ್ಕೊಂಡು ಹಿಂದೆ ಹೋದ್ರೆ ಅದರಲ್ಲಿ ಮೂರನೇ ಒಂದು ಭಾಗದಷ್ಟು ಉಳಿಯತ್ತೆ. ದೊಡ್ಡ ಗುಂಪು, ಅಂದ್ರೆ ಪೆಲೊಟಾನ್, ಅದರ ಹೊಟ್ಟೆಯೊಳಗೆ ಕೂತ್ರೆ ಇನ್ನೂ ಆರಾಮು: 2018ರಲ್ಲಿ ಬರ್ಟ್ ಬ್ಲಾಕೆನ್ ಅನ್ನೋ ವಿಜ್ಞಾನಿಯ ತಂಡ 121 ಸವಾರರ ಮಾದರಿ ಇಟ್ಟು ಲೆಕ್ಕ ಹಾಕಿದಾಗ ನಡುವೆ ಹಿಂದೆ ಇರೋನಿಗೆ ತಾಗೋ ಗಾಳಿ ಒಬ್ಬಂಟಿಯಾಗಿ ಹೋಗೋನಿಗೆ ತಾಗೋದ್ರಲ್ಲಿ ಬರೀ 5ರಿಂದ 10 ಪರ್ಸೆಂಟು ಅಂತ ಬಂತು. ಅಂದ್ರೆ ಲೀಡರ್ ಐದು ಗಂಟೆ ರೇಸಲ್ಲಿ ನಾಲ್ಕು ಗಂಟೆ ಸುಮ್ನೆ ಕೂತಿರೋ ಹಾಗೆ ಕೂತು ಕೊನೇ ಬೆಟ್ಟದಲ್ಲಿ 20 ನಿಮಿಷ ಜೀವ ಬಿಟ್ಟು ತುಳಿಬಹುದು, ಆ ನಾಲ್ಕು ಗಂಟೆ ಗಾಳಿ ತಿನ್ನೋನು ಬೇರೆ ಯಾರೋ ಇದ್ರೆ. ಆ ಬೇರೆ ಯಾರೋ ನೀವಾಗ್ಬೇಕು.

ಯಾವ ತರದ ಡೊಮೆಸ್ಟೀಕ್ ಆಗ್ತೀರ ಅಂತ ನಿಮ್ಮ ದೇಹಾನೇ ಹೇಳತ್ತೆ, ಆಸೆ ಅಲ್ಲ. 75-80 ಕೆಜಿ ಇದ್ದು ಗಂಟೆಗಟ್ಲೆ 300 ವಾಟ್ಸ್ (ಪೆಡಲ್ಲಿಗೆ ಹಾಕೋ ಶಕ್ತಿಯ ಅಳತೆ) ಸುತ್ತಮುತ್ತ ತುಳಿದ್ರೂ ಮುಖ ಬಾಡಲ್ಲ ಅಂದ್ರೆ ನೀವು ಸಮತಟ್ಟಿನವರು. ಬೆಲ್ಜಿಯಂನ ಟಿಮ್ ಡೆಕ್ಲರ್ಕ್ ಇದಕ್ಕೆ ಒಳ್ಳೆ ಉದಾಹರಣೆ, ಕ್ವಿಕ್‌ಸ್ಟೆಪ್ ಟೀಮಲ್ಲಿದ್ದಾಗ ಪೆಲೊಟಾನ್ ಮುಂದೆ ಒಬ್ನೇ ಅಷ್ಟುದ್ದ ಎಳೀತಿದ್ದ ಅಂತ ಎಲ್ರೂ ಅವನನ್ನ ಎಲ್ ಟ್ರಾಕ್ಟರ್ ಅಂತಾನೇ ಕರೀತಿದ್ರು. ಟೂರ್ ಹಲವು ಸಲ ಗೆದ್ದಿರೋ ಪೊಗಾಚಾರ್‌ನ ಟೀಮಲ್ಲಿ ನಿಲ್ಸ್ ಪೊಲಿಟ್ ಮಾಡೋದೂ ಇದನ್ನೇ, ಆರಡಿ ಮೇಲಿರೋ ಆಳು, 2019ರಲ್ಲಿ ಪ್ಯಾರಿಸ್-ರೂಬೆ ಅನ್ನೋ ಒಂದು ದಿನದ ದೊಡ್ಡ ರೇಸಲ್ಲಿ ಎರಡನೇ ಸ್ಥಾನ ಬಂದವನು, ಜುಲೈ ಪೂರ್ತಿ ಬೇರೊಬ್ಬನಿಗೆ ಗಾಳಿ ತಡೀತಾನೆ. 60 ಕೆಜಿ ಇದ್ದು ಪ್ರತಿ ಕೆಜಿಗೆ 6 ವಾಟ್ಸ್ ಹತ್ರ ಅರ್ಧ ಗಂಟೆ ಹಿಡೀತೀರ ಅಂದ್ರೆ ಬೆಟ್ಟದ ಡೊಮೆಸ್ಟೀಕು. ಸ್ಪೀಡಿದೆ, ಗಲಾಟೆ ನಡುವೆ ತಲೆ ಕೆಡಲ್ಲ ಅಂದ್ರೆ ಸ್ಪ್ರಿಂಟರ್‌ನ ಕೊನೇ 200 ಮೀಟರಿಗೆ ತಂದು ಬಿಡೋ ಲೀಡ್‌ಔಟ್ ಕೆಲ್ಸ. 2024ರ ಜುಲೈ 3ಕ್ಕೆ ಸಾಂ-ವುಲ್ಬಾದಲ್ಲಿ ಬ್ರಿಟನ್ನಿನ ಸ್ಪ್ರಿಂಟರ್ ಮಾರ್ಕ್ ಕ್ಯಾವೆಂಡಿಶ್ ತನ್ನ 35ನೇ ಟೂರ್ ಸ್ಟೇಜ್ ಗೆದ್ದು ಎಡ್ಡಿ ಮರ್ಕ್ಸ್ ದಾಖಲೆ ದಾಟಿದ ದಿನ ಅವನ ಟೀಮಲ್ಲಿ ಆ ಕೆಲ್ಸಕ್ಕೆ ಇದ್ದಿದ್ದು ಮೈಕಲ್ ಮೊರ್ಕೊವ್, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಕಲ್ಲಿ ಚಿನ್ನ ಗೆದ್ದ ಮನುಷ್ಯ. ಟ್ರ್ಯಾಕಲ್ಲಿ ಪಳಗಿದವರು ಈ ಕೆಲ್ಸಕ್ಕೆ ಚೆನ್ನಾಗಿ ಹೊಂದ್ಕೊಳ್ತಾರೆ, ನಮ್ಮ ಟ್ರ್ಯಾಕ್ ಹುಡುಗ್ರು ಇದನ್ನ ನೆನಪಿಟ್ಕೊಳ್ಳಿ.

ಈಗ ನಿಜವಾದ ಕೆಲ್ಸಕ್ಕೆ ಬರೋಣ, ಬಾಟ್ಲಿ ತರೋದ್ರಿಂದ ಶುರು ಮಾಡೋಣ. ಇದು ಸಣ್ಣ ಕೆಲ್ಸ ಅಂತ ಕಾಣತ್ತೆ, ಆದ್ರೆ ಹೊಸಬ ಹೇಗೆ ಬಾಟ್ಲಿ ತರ್ತಾನೆ ಅಂತ ನೋಡಿದ್ರೆ ಸಾಕು, ಅವನು ಈ ಕೆಲ್ಸದಲ್ಲಿ ನಿಲ್ತಾನೋ ಇಲ್ವೋ ಗೊತ್ತಾಗಿಬಿಡತ್ತೆ. ರೇಸ್ ಹಿಂದೆ ಟೀಮ್ ಕಾರುಗಳ ಸಾಲು ಬರತ್ತೆ, ಆ ಸಾಲಲ್ಲಿ ಯಾರ ಕಾರು ಎಷ್ಟನೇದು ಅನ್ನೋದು ಒಟ್ಟು ಟೈಮಿಂಗಲ್ಲಿ ಆ ಟೀಮಿನ ಸವಾರ ಎಷ್ಟನೇ ಸ್ಥಾನದಲ್ಲಿದ್ದಾನೆ ಅನ್ನೋದ್ರ ಮೇಲೆ. ನಿಮ್ಮ ಲೀಡರ್ ಹಿಂದೆ ಬಿದ್ದಿದ್ರೆ ನಿಮ್ಮ ಕಾರೂ ಹಿಂದೆ, ಅಂದ್ರೆ ನೀವು ಹದಿನೈದು ಕಾರು ದಾಟ್ಕೊಂಡು ಹಿಂದೆ ಹೋಗಿ ಅದೇ ಹದಿನೈದು ಕಾರು ದಾಟ್ಕೊಂಡು ವಾಪಸ್ ಬರ್ಬೇಕು. ಹಿಂದಕ್ಕೆ ಸರಿದು ಕೈ ಎತ್ತಿದ್ರೆ ರೇಸ್ ರೇಡಿಯೋದಲ್ಲಿ ನಿಮ್ಮ ಟೀಮಿನ ಹೆಸ್ರು ಕೂಗ್ತಾರೆ, ಕಾರು ಆದಷ್ಟು ಮುಂದೆ ಬರತ್ತೆ, ಕಿಟಕಿಯಿಂದ ಟೀಮಿನ ಡೈರೆಕ್ಟರ್ ಒಂದೊಂದಾಗಿ ಬಾಟ್ಲಿ ಕೊಡ್ತಾರೆ: ಎರಡು ಫ್ರೇಮಿಗೆ, ಮೂರು ಬೆನ್ನ ಜೇಬಿಗೆ, ಮಿಕ್ಕಿದ್ದು ಕತ್ತಿನ ಹಿಂದೆ ಜರ್ಸಿ ಒಳಗೆ. ಅರ್ಧ ಲೀಟರಿನ 8 ಬಾಟ್ಲಿ ಅಂದ್ರೆ 4 ಕೆಜಿ ನೀರು, ರೇಸ್ ಸೈಕಲ್ಲಿನ ಕನಿಷ್ಠ ತೂಕವೇ 6.8 ಕೆಜಿ, ಈಗ ಲೆಕ್ಕ ಹಾಕಿ. ಐಸ್ ನೀರಿನ ಬಾಟ್ಲಿ ಬೆನ್ನಿಗೆ ತಾಗಿ ಮೈಯೆಲ್ಲ ಜುಮ್ಮನ್ನತ್ತೆ, ಸೈಕಲ್ ಹಿಂದುಗಡೆ ಓಲಾಡತ್ತೆ, ಅಷ್ಟರಲ್ಲಿ ಮುಂದೆ ಯಾರೋ ಸ್ಪೀಡ್ ಏರಿಸಿರ್ತಾರೆ.

ಇಲ್ಲಿ ಕಲೀಬೇಕಾದ್ದು ತಾಕತ್ತಲ್ಲ, ಯಾವಾಗ ಹೋಗ್ಬೇಕು ಅನ್ನೋದು. ಬೆಟ್ಟದ ಬುಡದಲ್ಲಿ ಹೋದ್ರೆ ನೀವು ಮತ್ತೆ ಗುಂಪನ್ನ ನೋಡೋದೇ ಇಲ್ಲ, ಲೀಡರಿಗೆ ನೀರೂ ಇಲ್ಲ ಆಳೂ ಇಲ್ಲ. ಅದಕ್ಕೆ ಹಿಂದಿನ ರಾತ್ರಿ ರೂಟ್ ಓದ್ಬೇಕು, ಎಲ್ಲಿ ರೋಡು ಅಗಲ, ಎಲ್ಲಿ ಗಾಳಿ ಹಿಂದಿಂದ ಬರತ್ತೆ, ಯಾವ ಊರು ದಾಟಿದ್ಮೇಲೆ ರೋಡು ಸಣ್ಣದಾಗತ್ತೆ ಅಂತ ಗುರ್ತು ಮಾಡ್ಕೊಂಡು ಆ ಜಾಗಕ್ಕೆ ಹತ್ತು ಹದಿನೈದು ಕಿಲೋಮೀಟರ್ ಮುಂಚೆನೇ ಕೆಲ್ಸ ಮುಗಿಸ್ಬೇಕು. ವಾಪಸ್ ಬರುವಾಗ ಕಾರುಗಳ ಮರೆಯಲ್ಲಿ ಒಂದೊಂದೇ ಕಾರು ಹಾರ್ಕೊಂಡು ಬರೋದು ಎಲ್ರೂ ಮಾಡೋದೇ, ಆದ್ರೆ ಬಾಟ್ಲಿ ಕೊಡೋ ನೆಪದಲ್ಲಿ ಕಾರು ಹಿಡ್ಕೊಂಡು ಎಳೆಸ್ಕೊಂಡ್ರೆ ದಂಡ ಬೀಳತ್ತೆ, ಅತಿಯಾದ್ರೆ ರೇಸಿಂದಾನೇ ಆಚೆ ಹಾಕ್ತಾರೆ. ತಂದ ಮೇಲೆ ಲೀಡರಿಗೆ ಮೊದಲು, ಆಮೇಲೆ ಇವತ್ತು ಕೊನೇ ತನಕ ಲೀಡರ್ ಜೊತೆ ಇರೋ ಆಳಿಗೆ, ಕೊನೇದು ನಿಮಗೆ. ಹಂಗಂತ ನೀವು ಕುಡಿದೇ ಇರೋದು ದೊಡ್ಡಸ್ತಿಕೆ ಅಲ್ಲ, ಗಂಟೆಗೆ 90ರಿಂದ 120 ಗ್ರಾಂ ಕಾರ್ಬ್ಸ್ ಹೊಟ್ಟೆಗೆ ಹೋಗ್ಲೇಬೇಕು, ಅಷ್ಟು ಜೀರ್ಣ ಆಗೋಕೆ ಹೊಟ್ಟೆಗೂ ತಿಂಗಳುಗಟ್ಲೆ ಟ್ರೇನಿಂಗ್ ಬೇಕು. ಬೇರೆಯವರಿಗೆ ತಿನ್ನಿಸ್ತಾ ತಿನ್ನಿಸ್ತಾ ತಾನೇ ಹಸಿದು ಬೀಳೋ ಡೊಮೆಸ್ಟೀಕ್ ಟೀಮಿಗೆ ಯಾವ ಉಪಯೋಗಕ್ಕೂ ಇಲ್ಲ.

ಮುಂದೆ ಎಳೆಯೋ ಕೆಲ್ಸದಲ್ಲಿ ಒಂದು ಹಳೇ ಲೆಕ್ಕ ಇದೆ, ಪೆಲೊಟಾನ್ ಮನಸ್ಸು ಮಾಡಿದ್ರೆ ಮುಂದೆ ಓಡಿದೋರ ಜೊತೆಗಿನ ಅಂತರದಲ್ಲಿ 10 ಕಿಲೋಮೀಟರಿಗೆ 1 ನಿಮಿಷ ಮುರೀಬಹುದು ಅಂತ. ಬೆಳಿಗ್ಗೆ ನಾಲ್ಕು ಜನ ತಪ್ಪಿಸ್ಕೊಂಡು ಮುಂದೆ ಹೋದ್ರು ಅಂದ್ಕೊಳ್ಳಿ, ತಕ್ಷಣ ಹಿಡಿಯೋಕೆ ಹೋಗ್ಬೇಡಿ, ಹಿಡಿದ್ರೆ ಇನ್ನೊಂದು ನಾಲ್ಕು ಜನ ಓಡ್ತಾರೆ. ಮೂರು ನಾಲ್ಕು ನಿಮಿಷದ ಹಗ್ಗ ಬಿಟ್ಟು ಅದನ್ನ ಹಂಗೇ ಹಿಡ್ಕೊಂಡು ಒಂದೇ ಸಮ ಎಳೀತಾ ಇರಿ. ಜರ್ಕ್ ಇಲ್ದಂಗೆ ಎಳೆಯೋದು ಒಂದು ವಿದ್ಯೆ. ತಿರುವು ದಾಟಿದ ತಕ್ಷಣ ಜೋರಾಗಿ ಎದ್ದು ತುಳಿದ್ರೆ ನಿಮ್ಮ ಲೆಕ್ಕದಲ್ಲಿ ಎರಡು ಸೆಕೆಂಡಿನ ಆಟ, ಐವತ್ತನೇ ಸ್ಥಾನದಲ್ಲಿರೋ ನಿಮ್ಮದೇ ಟೀಮಿನ ಆಳು ಆ ಗ್ಯಾಪ್ ಮುಚ್ಚೋಕೆ ಪೂರ್ತಿ ಸ್ಪ್ರಿಂಟ್ ಹೊಡೀಬೇಕಾಗತ್ತೆ.

ಅಡ್ಡಗಾಳಿ ಇದ್ರೆ ಕಥೆನೇ ಬೇರೆ. ಎಡಗಡೆಯಿಂದ ಗಾಳಿ ಬೀಸ್ತಿದ್ರೆ ನೀವು ಲೀಡರಿಗೆ ಎಡಕ್ಕೆ, ಒಂಚೂರು ಮುಂದೆ ಇರ್ಬೇಕು, ನೇರ ಮುಂದೆ ಅಲ್ಲ. ಸಾಲು ರೋಡಿಗೆ ಓರೆಯಾಗಿ ಹರಡ್ಕೊಳ್ಳತ್ತೆ, ರೋಡಿನ ಅಗಲ ಎಷ್ಟೋ ಅಷ್ಟೇ ಜನಕ್ಕೆ ಜಾಗ, ಮಿಕ್ಕೋರು ಅಂಚಲ್ಲಿ ಮರೆ ಇಲ್ದೆ ಒಬ್ಬೊಬ್ರಾಗಿ ಉದುರ್ತಾರೆ. ಟೂರಲ್ಲಿ ಬೆಟ್ಟದಲ್ಲಿ ಕಳ್ಕೊಂಡಷ್ಟೇ ಟೈಮನ್ನ ಇಂಥ ಬಯಲಲ್ಲಿ ಕಳ್ಕೊಂಡೋರಿದ್ದಾರೆ. ಅದಕ್ಕೇ ಬಯಲು ಶುರುವಾಗೋ ಊರಿಗೆ ಮುಂಚೆನೇ ಲೀಡರನ್ನ ಮುಂದಿನ ಇಪ್ಪತ್ತರೊಳಗೆ ತಂದು ಕೂರಿಸೋದು ನಿಮ್ಮ ಜವಾಬ್ದಾರಿ, ಅವನು ಬ್ರೇಕ್ ಹಿಡೀದೆ ನಿಮ್ಮ ಚಕ್ರ ನಂಬ್ಕೊಂಡು ಬರ್ಬೇಕು, ಆ ನಂಬಿಕೆ ಒಂದು ಸೀಸನ್ನಲ್ಲಿ ಬರೋದಲ್ಲ.

ನಾನು ಈ ಬರಹದಲ್ಲಿ ಒಂದೇ ವಿಷ್ಯ ಒತ್ತಿ ಹೇಳ್ಬೇಕು ಅಂದ್ರೆ ಇದು: ನಿಮ್ಮ ಫಿನಿಶ್ ಲೈನು ಬೇರೆ ಕಡೆ ಇದೆ. ಲೀಡರಿಗೆ ಅದು ಬೆಟ್ಟದ ತುದಿ, ನಿಮಗೆ ಅದು ತುದಿಗೆ 6 ಕಿಲೋಮೀಟರ್ ಮುಂಚೆ ಇರೋ ಒಂದು ತಿರುವು ಇರಬಹುದು, ಬೆಳಿಗ್ಗೆ ಬಸ್ಸಲ್ಲಿ ಮೀಟಿಂಗಲ್ಲಿ ಅದನ್ನ ಹೇಳಿರ್ತಾರೆ. ಆ ತಿರುವಿಗೆ ಬರೋ ಹೊತ್ತಿಗೆ ನಿಮ್ಮ ಹತ್ರ ಏನೂ ಉಳಿದಿರಬಾರ್ದು. ಒಂದು ಕಿಲೋಮೀಟರ್ ಮುಂಚೆ ಖಾಲಿಯಾದ್ರೆ ಲೀಡರ್ ಒಂಟಿ, ಅಲ್ಲಿ ಪಕ್ಕಕ್ಕೆ ಸರಿದು ಆಮೇಲೂ ಅರಾಮಾಗಿ ಮೂವತ್ತನೇ ಸ್ಥಾನಕ್ಕೆ ತುಳ್ಕೊಂಡು ಬಂದ್ರೆ ನೀವು ಏನೋ ಬಚ್ಚಿಟ್ಕೊಂಡಿದ್ರಿ ಅಂತ ಡೈರೆಕ್ಟರಿಗೆ ಪವರ್ ಫೈಲ್ (ಸೈಕಲ್ಲಲ್ಲಿರೋ ಮೀಟರು ದಾಖಲಿಸೋ ವಾಟ್ಸ್ ಲೆಕ್ಕ) ನೋಡಿದ್ರೆ ಗೊತ್ತಾಗತ್ತೆ. ಹಾಗಾಗಿ ಟ್ರೇನಿಂಗಲ್ಲಿ ಬರೀ 20 ನಿಮಿಷದ ರೆಕಾರ್ಡ್ ಹಿಂದೆ ಬೀಳ್ಬೇಡಿ, ನಾಲ್ಕು ಗಂಟೆ ತುಳಿದು ಸುಸ್ತಾದ ಮೇಲೆ 10 ನಿಮಿಷ ಎಷ್ಟು ವಾಟ್ಸ್ ಹಾಕ್ತೀರ ಅಂತ ನೋಡ್ಕೊಳ್ಳಿ, ಕೋಚ್‌ಗಳು ಈಗ ಹೆಚ್ಚು ಕೇಳೋದು ಆ ನಂಬರನ್ನೇ.

ಇದರ ಪರಮಾವಧಿ ನೋಡ್ಬೇಕು ಅಂದ್ರೆ 2025ರ ಜೀರೋ ಡಿ ಇಟಾಲಿಯಾ, ಅಂದ್ರೆ ಇಟಲಿಯ ಮೂರು ವಾರದ ರೇಸು, ಅದರ 20ನೇ ಸ್ಟೇಜ್ ಹುಡುಕಿ ನೋಡಿ. ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಅನ್ನೋ 18 ಕಿಲೋಮೀಟರಿನ ಬೆಟ್ಟ, ಮೇಲಿನ ಭಾಗ ಜಲ್ಲಿ ರೋಡು. ವೌಟ್ ವಾನ್ ಆರ್ಟ್, ಸ್ವತಃ ಮಿಲಾನ್-ಸಾನ್ ರೆಮೊ ಗೆದ್ದಿರೋ ಸ್ಟಾರು, ಬೆಳಿಗ್ಗೆನೇ ಮುಂದೆ ಓಡಿದ ಗುಂಪಲ್ಲಿ ಸೇರ್ಕೊಂಡಿದ್ದ. ಹಿಂದೆ ಅವನ ಟೀಮಿನ ಸೈಮನ್ ಯೇಟ್ಸ್ ಬೆಟ್ಟದಲ್ಲಿ ಒಬ್ನೇ ಹಾರಿದ, ಪಿಂಕ್ ಜರ್ಸಿಯಲ್ಲಿದ್ದ, ಅಂದ್ರೆ ಒಟ್ಟು ಟೈಮಿಂಗಲ್ಲಿ ಮೊದಲಿದ್ದ ಡೆಲ್ ಟೊರೊನೂ ಎದುರಾಳಿ ಕರಪಾಸೂ ಒಬ್ಬರ ಮುಖ ಒಬ್ಬರು ನೋಡ್ತಾ ಉಳಿದ್ರು, ಯೇಟ್ಸ್ ಬೆಟ್ಟ ಇಳಿದು ಬರೋ ಹೊತ್ತಿಗೆ ವಾನ್ ಆರ್ಟ್ ಕಾಯ್ಕೊಂಡಿದ್ದ, ಆಮೇಲೆ ಸೆಸ್ತ್ರಿಯೆರೆ ಕಡೆಗೆ ಕಣಿವೆಯಲ್ಲಿ ಅವನನ್ನ ಎಳೆದ ರೀತಿ ನೋಡಿದ್ರೆ ಈಗ್ಲೂ ನಂಗೆ ರೋಮಾಂಚನ ಆಗತ್ತೆ. ಯೇಟ್ಸ್ ಜೀರೋ ಗೆದ್ದ, ಅದೂ 2018ರಲ್ಲಿ ತನ್ನನ್ನ ಪಿಂಕ್ ಜರ್ಸಿಯಲ್ಲೇ ನೆಲಕ್ಕೆ ಹಾಕಿದ್ದ ಅದೇ ಬೆಟ್ಟದಲ್ಲಿ. ಆಳನ್ನ ಮುಂದೆ ಕಳಿಸಿಟ್ಟಿರೋ ಪ್ಲಾನು ಹತ್ತು ಸಲದಲ್ಲಿ ಹೆಚ್ಚು ಸಲ ವ್ಯರ್ಥ ಆಗತ್ತೆ, ಆದ್ರೂ ಪ್ರತಿ ಸಲ ಹೋಗ್ಬೇಕು.

ತ್ಯಾಗ ಅನ್ನೋದು ಇಲ್ಲಿ ಹೊಸದೇನಲ್ಲ. 1934ರ ಟೂರಲ್ಲಿ 20 ವರ್ಷದ ರೆನೆ ವಿಯೆಟೊ ಪಿರೆನೀಸ್ ಬೆಟ್ಟದಲ್ಲಿ ತನ್ನ ಮುಂದಿನ ಚಕ್ರ ಬಿಚ್ಚಿ ಲೀಡರ್ ಆಂಟೊನಿನ್ ಮಾನ್ಯಿಗೆ ಕೊಟ್ಟು ಕಲ್ಲುಗೋಡೆ ಮೇಲೆ ಅಳ್ತಾ ಕೂತ, ಮಾರನೇ ದಿನ ಮಾನ್ಯಿ ಸೈಕಲ್ ಮತ್ತೆ ಕೆಟ್ಟಾಗ ವಿಯೆಟೊ ಮುಂದಿದ್ದೋನು ವಾಪಸ್ ತಿರುಗಿ ಬಂದು ತನ್ನ ಸೈಕಲ್ಲೇ ಕೊಟ್ಟ. ಮಾನ್ಯಿ ಟೂರ್ ಗೆದ್ದ. 1952ರ ಟೂರಲ್ಲಿ ಇಟಲಿಯ ದೊಡ್ಡ ಸ್ಟಾರ್ ಕೊಪ್ಪಿಯ ಡೊಮೆಸ್ಟೀಕ್ ಆಂಡ್ರಿಯಾ ಕರ್ರೆಯಾ ಮುಂದೆ ಓಡಿದವರ ಮೇಲೆ ಕಣ್ಣಿಡೋಕೆ ಹೋಗಿ ಅಚಾನಕ್ಕಾಗಿ ಲೋಸಾನ್‌ನಲ್ಲಿ ಹಳದಿ ಜರ್ಸಿ (ಟೂರಲ್ಲಿ ಮೊದಲಿರೋನ ಜರ್ಸಿ) ಗೆದ್ದುಬಿಟ್ಟ, ಲೀಡರ್ ಏನಂದ್ಕೊಳ್ತಾರೋ ಅಂತ ಹೆದರಿ ಅತ್ತ. ಮಾರನೇ ದಿನ ಆಲ್ಪ್ ಡುಯೇಜ಼್‌ನಲ್ಲಿ ಕೊಪ್ಪಿ ಅದನ್ನ ತಗೊಂಡ. ಆ ಕಾಲದ ಭಯ ಈಗ ಬೇಕಿಲ್ಲ. ನಿಮ್ಮ ದಿನ ಬಂದ್ರೆ ಕೇಳಿ ತಗೊಳ್ಳಿ.

ಕೇಳೋದೂ ಕೆಲ್ಸದ ಭಾಗಾನೇ. ಅಮೆರಿಕದ ಸೆಪ್ ಕುಸ್ 2023ರಲ್ಲಿ ಜೀರೋದಲ್ಲಿ ರೊಗ್ಲಿಚ್‌ಗೆ ಎಳೆದ, ಟೂರಲ್ಲಿ ವಿಂಗಗೋರ್‌ಗೆ ಎಳೆದ, ಇಬ್ರೂ ಗೆದ್ರು, ಅದೇ ವರ್ಷ ಸ್ಪೇನಿನ ಮೂರು ವಾರದ ರೇಸು ವುಯೆಲ್ಟಾದಲ್ಲಿ ತಾನೇ ಲೀಡರಿನ ರೆಡ್ ಜರ್ಸಿ ಹಾಕ್ಕೊಂಡು ಆ ಇಬ್ರನ್ನೂ ಎರಡನೇ ಮೂರನೇ ಸ್ಥಾನದಲ್ಲಿಟ್ಟು ಗೆದ್ದ. ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಮನ್ ಜೀವನಪೂರ್ತಿ ಬೇರೆಯವರಿಗೆ ದುಡಿದೋನು, 2016ರಲ್ಲಿ ಕೈ ಮುರ್ಕೊಂಡು ಗರಾಜಲ್ಲಿ ನಿಂತಲ್ಲೇ ತುಳಿಯೋ ಟ್ರೇನರ್ ಯಂತ್ರದ ಮೇಲೆ ತುಳಿದು ಐದಾರು ವಾರದಲ್ಲಿ ಪ್ಯಾರಿಸ್-ರೂಬೆಗೆ ಬಂದ, ಅವನ 15ನೇ ರೂಬೆ ಅದು, ಬೆಳಿಗ್ಗೆ ಮುಂದೆ ಓಡಿ ಕೊನೇಲಿ ಟಾಮ್ ಬೂನೆನ್‌ನ ಸ್ಪ್ರಿಂಟಲ್ಲಿ ಸೋಲಿಸಿದ. ಕುಸ್, ಹೇಮನ್ ಇಬ್ರೂ ಮುಂದೆ ಓಡಿದ್ದು ಟೀಮಿನ ಪ್ಲಾನಿನ ಪ್ರಕಾರಾನೇ, ತಿರುಗಿಬಿದ್ದು ಅಲ್ಲ.

ಬೆಟ್ಟದ ದಿನ ಕೆಲ್ಸ ಮುಗಿದ ಮೇಲೂ ಮನೆಗೆ ಹೋಗೋ ಹಾಗಿಲ್ಲ, ಗೆದ್ದೋನ ಟೈಮಿಗೆ ಇಂತಿಷ್ಟು ಪರ್ಸೆಂಟ್ ಸೇರ್ಸಿ ಒಂದು ಗಡುವು ಇರತ್ತೆ, ಅದು ದಾಟಿದ್ರೆ ನಾಳೆ ರೇಸಿಲ್ಲ. ಹಿಂದುಳಿದೋರೆಲ್ಲ ಒಟ್ಟಾಗಿ ಗ್ರುಪೆಟ್ಟೊ ಮಾಡ್ಕೊಂಡು ಲೆಕ್ಕ ಹಾಕ್ತಾ ಬರ್ತಾರೆ: ಏರುವಾಗ ಎಲ್ರೂ ಉಳಿಯೋ ಸ್ಪೀಡು, ಇಳಿಯುವಾಗ ಕಣಿವೆಯಲ್ಲಿ ಜೋರು. ಆಸ್ಟ್ರಿಯಾದ ಬರ್ನಿ ಐಸೆಲ್ ಹೀಗೆ ಕ್ಯಾವೆಂಡಿಶ್‌ನ ಎಷ್ಟೋ ಬೆಟ್ಟ ದಾಟಿಸಿದಾನೆ, ಕ್ಯಾವೆಂಡಿಶ್ 2012ರಲ್ಲಿ ಟೀಮ್ ಸ್ಕೈಗೆ ಹೋದಾಗ ಐಸೆಲ್ ಕೂಡ ಹೋದ, 2016ರಲ್ಲಿ ಡೈಮೆನ್ಷನ್ ಡೇಟಾಗೆ ಹೋದಾಗ್ಲೂ ಹೋದ. ಲೀಡರ್ ಟೀಮ್ ಬಿಡುವಾಗ "ನನ್ ಜೊತೆ ಇವನೂ ಬರ್ಬೇಕು" ಅಂದ್ರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಈ ಕೆಲ್ಸದಲ್ಲಿ ಇಲ್ಲ.

ದುಡ್ಡಿನ ವಿಷ್ಯ ನೇರವಾಗಿ ಹೇಳ್ತೀನಿ. 2023ರ ಲೆಕ್ಕದಲ್ಲಿ ವರ್ಲ್ಡ್‌ಟೂರ್, ಅಂದ್ರೆ ಪ್ರೊ ಸೈಕ್ಲಿಂಗಿನ ಅತಿ ಮೇಲಿನ ಹಂತ, ಅದರ ಪುರುಷರ ಟೀಮಲ್ಲಿ ಕನಿಷ್ಠ ಸಂಬಳ ವರ್ಷಕ್ಕೆ ಸುಮಾರು 40,000 ಯೂರೋ, ಹೊಸಬರಿಗೆ ಸುಮಾರು 32,000, ಹೊಸಬರಿಗೆ ಕಾಂಟ್ರಾಕ್ಟ್ ಕನಿಷ್ಠ ಎರಡು ವರ್ಷ. ಹೆಣ್ಮಕ್ಕಳ ವರ್ಲ್ಡ್‌ಟೂರಲ್ಲಿ ಕನಿಷ್ಠ ಸಂಬಳ ಅನ್ನೋದು ಬಂದಿದ್ದೇ 2020ರಲ್ಲಿ. ಪ್ರೈಜ್ ಮನಿ ಹಂಚ್ಕೊಳ್ಳೋ ಪದ್ಧತಿ ಇದೆ, ಟೂರ್ ಗೆದ್ದೋನಿಗೆ ಬರೋ 5 ಲಕ್ಷ ಯೂರೋ ಟೀಮಿನವರಿಗೆ ಹೋಗತ್ತೆ. ಆದ್ರೆ ಯುಸಿಐ (ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ಪಾಯಿಂಟ್ಸ್ ಹಂಚಲ್ಲ, ಅದು ಮುಖ್ಯವಾಗಿ ಫಿನಿಶ್ ಮಾಡಿದ ಸ್ಥಾನಕ್ಕೆ, ನೂರೈವತ್ತು ಕಿಲೋಮೀಟರ್ ಗಾಳಿ ತಿಂದೋನಿಗೆ ಸೊನ್ನೆ. ಟೀಮುಗಳ ಲೈಸೆನ್ಸ್ ಆ ಪಾಯಿಂಟ್ಸ್ ಮೇಲೆ ನಿಂತಿರೋದ್ರಿಂದ ಇದು ಡೊಮೆಸ್ಟೀಕ್‌ಗಳಿಗೆ ಆಗ್ತಿರೋ ಅನ್ಯಾಯ ಅಂತಾನೇ ನನ್ನ ಅಭಿಪ್ರಾಯ. ಸದ್ಯಕ್ಕೆ ಉಪಾಯ ಏನಂದ್ರೆ ಲೀಡರ್ ಇಲ್ಲದ ಸಣ್ಣ ರೇಸುಗಳಲ್ಲಿ ವರ್ಷಕ್ಕೆ ಒಂದಷ್ಟು ಸಲ ಸ್ವಂತ ರಿಸಲ್ಟಿಗೆ ಹೋಗ್ತೀನಿ ಅಂತ ಚಳಿಗಾಲದ ಕ್ಯಾಂಪಲ್ಲೇ ಮಾತಾಡ್ಕೊಂಡಿರಿ. ಹೊಸ ಟೀಮುಗಳ ಮಾತುಕತೆ ಆಗಸ್ಟ್ 1ರಿಂದ ಅಧಿಕೃತ, ನಿಮ್ಮ ಕಾಂಟ್ರಾಕ್ಟ್ ಮುಗಿಯೋ ವರ್ಷ ಜುಲೈ ಒಳಗೆ ಒಳ್ಳೆ ಕೆಲ್ಸ ಕಣ್ಣಿಗೆ ಬಿದ್ದಿರ್ಬೇಕು.

ಡೋಪಿಂಗ್ ಔಷಧಿ ವಿಷ್ಯದಲ್ಲಿ ಒಂದಿಷ್ಟೂ ಸಡಿಲ ಬೇಡ. ಹಿಂದೆ ಡೊಮೆಸ್ಟೀಕ್‌ಗಳ ಮೇಲೇ ಈ ಒತ್ತಡ ಹೆಚ್ಚಿತ್ತು, ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಡೋಪಿಂಗ್ ಕೇಸಲ್ಲಿ 2012ರಲ್ಲಿ ಸಾಕ್ಷಿ ಹೇಳಿದ್ದೂ ಅವನಿಗೆ ಎಳೆದೋರೇ. ನೋವಿನ ಮಾತ್ರೆ ಟ್ರಮಡಾಲ್ ಕೂಡ ಸೈಕ್ಲಿಂಗಲ್ಲಿ 2019ರಿಂದ ನಿಷೇಧ. ಟೆಸ್ಟಿಂಗ್ ಪಟ್ಟಿಗೆ ಸೇರಿದ್ರೆ ದಿನಾ ಒಂದು ಗಂಟೆ ಎಲ್ಲಿರ್ತೀರ ಅಂತ ಮುಂಚೆನೇ ತಿಳಿಸ್ಬೇಕು, 12 ತಿಂಗಳಲ್ಲಿ ಮೂರು ಸಲ ತಪ್ಪಿಸಿದ್ರೆ ಔಷಧಿ ಮುಟ್ಟದಿದ್ರೂ ಶಿಕ್ಷೆ.

ಇನ್ನು ನಮ್ಮೂರಿಂದ ಅಲ್ಲಿಗೆ ದಾರಿ. ವಿಜಯಪುರ, ಬಾಗಲಕೋಟೆ ಕಡೆ ತಲೆಮಾರುಗಳಿಂದ ಸೈಕ್ಲಿಸ್ಟ್‌ಗಳು ಬರ್ತಾನೇ ಇದ್ದಾರೆ, ಕಾಲಿಗೆ ಕೊರತೆ ಇಲ್ಲ, ಕೊರತೆ ಇರೋದು 150 ಜನರ ಗುಂಪಲ್ಲಿ ಮೊಣಕೈ ತಾಗಿಸ್ಕೊಂಡು ನಾಲ್ಕೈದು ಗಂಟೆ ಓಡೋ ಅಭ್ಯಾಸಕ್ಕೆ. ಬೆಂಗಳೂರಿನ ಲೋಕಲ್ ರೇಸುಗಳಿಂದ ಶುರು ಮಾಡಿ, ಆದ್ರೆ ಅಲ್ಲಿ ಒಬ್ಬೊಬ್ರೇ ಗೆಲ್ಲೋಕೆ ಹೋಗದೆ ಮೂರು ಜನ ಸೇರಿ "ಇವತ್ತು ಇವನು" ಅಂತ ತೀರ್ಮಾನ ಮಾಡ್ಕೊಂಡು ಓಡಿ ನೋಡಿ, ಬೇರೆ ಆಟಾನೇ ಕಾಣತ್ತೆ. ಆಮೇಲೆ ಬೆಲ್ಜಿಯಂ. ಅಲ್ಲಿ ಬೇಸಿಗೆಯಲ್ಲಿ ಊರೂರಲ್ಲಿ ಕರ್ಮೆಸ್ ರೇಸು ನಡೀತಾನೇ ಇರತ್ತೆ, ನೂರು ನೂರಿಪ್ಪತ್ತು ಕಿಲೋಮೀಟರು, ಸಣ್ಣ ಸುತ್ತು, ತಿರುವು ಜಾಸ್ತಿ, ಆಸ್ಟ್ರೇಲಿಯಾ ಅಮೆರಿಕದ ಹುಡುಗ್ರೂ ಅಲ್ಲೇ ಹೋಗಿ ಒದೆ ತಿಂದು ಕಲಿಯೋದು. ಬೆಂಗಳೂರಲ್ಲಿದ್ದು ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆದ ನವೀನ್ ಜಾನ್ ಕೂಡ ಹಾಗೆ ಬೆಲ್ಜಿಯಂನಲ್ಲಿ ರೇಸ್ ಮಾಡಿದೋರು. ಭಾರತೀಯ ಸೈಕ್ಲಿಂಗ್ ಫೆಡರೇಷನ್ನಿಂದ ಲೈಸೆನ್ಸು ಮೊದಲೇ ಮಾಡಿಸ್ಕೊಳ್ಳಿ. ಶೆಂಗೆನ್ ವೀಸಾ 180 ದಿನದಲ್ಲಿ 90 ದಿನ ಮಾತ್ರ, ಆದ್ರಿಂದ ಜೂನ್ ನಡುವಿಂದ ಸೆಪ್ಟೆಂಬರ್ ಶುರುವಿನ ತನಕ ಪ್ಲಾನ್ ಮಾಡಿ. ಏಷ್ಯಾದಲ್ಲೇ ಥಾಯ್ಲೆಂಡ್, ಮಲೇಷ್ಯಾದ ಕಾಂಟಿನೆಂಟಲ್ (ವರ್ಲ್ಡ್‌ಟೂರಿಗಿಂತ ಕೆಳಗಿನ ಹಂತದ) ಟೀಮುಗಳೂ ಇವೆ, ವೀಸಾ ತಲೆನೋವು ಕಮ್ಮಿ. ಬರೀ ನಂಬರ್ ತೋರಿಸಿ ಒಳಗೆ ಹೋಗೋ ದಾರಿನೂ ಈಗ ಇದೆ, ಜೇ ವೈನ್ 2020ರಲ್ಲಿ ಜ್ವಿಫ್ಟ್ ಅನ್ನೋ, ಮನೇಲೇ ಟ್ರೇನರ್ ಮೇಲೆ ತುಳಿಯೋ ಆನ್‌ಲೈನ್ ಆ್ಯಪ್‌ನ ಸ್ಪರ್ಧೆ ಗೆದ್ದು ಪ್ರೊ ಆದ, ಆಮೇಲೆ ಪೊಗಾಚಾರ್ ಇರೋ ಟೀಮಿಗೂ ಸೇರಿದ, ಆದ್ರೆ ಅಂಥ ಬಾಗಿಲು ವರ್ಷಕ್ಕೆ ಒಬ್ಬಿಬ್ಬರಿಗೆ ಮಾತ್ರ ತೆಗೆಯತ್ತೆ.

ಟೀಮುಗಳಿಗೆ ಮೇಲ್ ಬರೀವಾಗ ಬರೀ ಸ್ಥಾನಗಳ ಪಟ್ಟಿ ಕಳಿಸ್ಬೇಡಿ. ಯಾವ ರೇಸಲ್ಲಿ ಯಾರಿಗೋಸ್ಕರ ಎಷ್ಟು ಕಿಲೋಮೀಟರ್ ಎಳೆದ್ರಿ, ಎಲ್ಲಿ ಬಿಟ್ರಿ, ಆ ಟೀಮ್‌ಮೇಟ್ ಎಷ್ಟನೇ ಸ್ಥಾನ ಬಂದ, ಆ ದಿನದ ಪವರ್ ಫೈಲು, ಇಷ್ಟೂ ಒಂದೇ ಪುಟದಲ್ಲಿ ಹಾಕಿ, ಕೊನೇಲಿ ಆ ಟೀಮ್‌ಮೇಟ್‌ನ ಫೋನ್ ನಂಬರ್ ಅವನ ಒಪ್ಪಿಗೆ ತಗೊಂಡು ಕೊಡಿ. ಡೈರೆಕ್ಟರ್ ಮೊದಲು ಫೋನ್ ಮಾಡಿ ವಿಚಾರಿಸೋದು ಅವನನ್ನೇ.